ಒಂಬತ್ತು ಮೀಟರ್ ಕಪ್ಪು ಗೆರೆ

ಈ ಸಂಗತಿ ಕಿವಿಗೆ ಬಿದ್ದ ದಿನವೇ ಬರೆದಿಟ್ಟುಕೊಂಡೆ... ನಿಧಾನವಾಗಿ ಓದಿ.

ಗದಗ ಕಡೆಯ ಒಂದು ಊರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬ ಮಾಸ್ತರರು.

ಅವರ ಒಬ್ಬನೇ ಮಗ ಬೈಕಿನಲ್ಲಿ ಹೊಲದ ದಾರಿಯಿಂದ ದೊಡ್ಡ ರಸ್ತೆಗೆ ಬಂದ... ಬದಿಯಿಂದ ಒಂದು ಟ್ಯಾಕ್ಸಿ ಬಂತು...
ಅಷ್ಟೇ. ಮಗ ಮತ್ತೆ ಮನೆಗೆ ಬರಲಿಲ್ಲ.

ಫೋಟೋಗಳು ಅವತ್ತೇ ಎಲ್ಲರ ಮೊಬೈಲಿಗೆ ಹೋದವು. ರಸ್ತೆಯ ಮೇಲೆ ಬ್ರೇಕ್ ಒತ್ತಿದಾಗ ಟೈರ್ ಉಜ್ಜಿದ ಕಪ್ಪು ಗೆರೆ... ದೂರದಲ್ಲಿ ಕಾರು.

ಠಾಣೆಯವರು ಗೆರೆ ಶುರುವಾದಲ್ಲಿಂದ ಕಾರಿನವರೆಗೆ ಟೇಪ್ ಹಿಡಿದರು. ಮೂವತ್ತಾರು ಮೀಟರ್. ವೇಗ ಎಂಬತ್ತು ಕಿಲೋಮೀಟರ್ ಎಂದು ಬರೆದುಕೊಂಡರು.

ಮಾಸ್ತರರಿಗೆ ಅದೂ ಸಾಲಲಿಲ್ಲ.
"ಎಂಬತ್ತಲ್ಲ, ನೂರಿತ್ತು ಅಂತ ನಾ ತೋರಸ್ತೀನಿ. ಆ ಡ್ರೈವರ್ ಜೈಲು ಕಾಣಬೇಕು!"

ಮಗ ಬಿದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು... ಒಂದೊಂದೇ ಫೋಟೋ ನೋಡುತ್ತ ಕುಳಿತರು.

ಒಂದು ಫೋಟೋ ಬಸ್ಸಿನ ಕಿಟಕಿಯಿಂದ ಯಾರೋ ತೆಗೆದದ್ದು. ಎಲ್ಲಕ್ಕಿಂತ ಮೊದಲಿನದು. ಅದರಲ್ಲಿ ಕಾರು ದೂರದಲ್ಲಿರಲಿಲ್ಲ! ಕಪ್ಪು ಗೆರೆ ಮುಗಿದಲ್ಲೇ ನಿಂತಿತ್ತು.

ಆಮೇಲೆ ಆಂಬುಲೆನ್ಸಿಗೆ ದಾರಿಯಾಗಲೆಂದು ಜನ ಅದನ್ನು ಮುಂದಕ್ಕೆ ತಳ್ಳಿದ್ದರು. ಠಾಣೆಯವರು ಅಳೆದದ್ದು ತಳ್ಳಿದ ದೂರವನ್ನೂ ಸೇರಿಸಿ!

ಮಾಸ್ತರರು ಮರುದಿನ ಆ ಜಾಗಕ್ಕೇ ಹೋದರು. ಫೋಟೋದಲ್ಲಿ ಕಪ್ಪು ಗೆರೆಯ ಉದ್ದಕ್ಕೆ ಸರಿಯಾಗಿ ಪಕ್ಕದಲ್ಲಿ ಕಂಡದ್ದು ರಸ್ತೆ ನಡುವಿನ ಒಂದು ಬಿಳಿ ಪಟ್ಟಿ, ಅದರ ಮುಂದಿನ ಒಂದು ಖಾಲಿ ಜಾಗ. ಎರಡನ್ನೂ ಸೇರಿಸಿ ಅಳೆದರು... ಒಂಬತ್ತು ಮೀಟರ್.

ಉಜ್ಜಿದ ದೂರ ನಾಲ್ಕರಲ್ಲಿ ಒಂದು ಪಾಲಾದರೆ ವೇಗ ಅರ್ಧ. ಮಕ್ಕಳಿಗೆ ಅವರೇ ಕಲಿಸಿದ ಪಾಠ.

ಮೂರು ಸಲ ಲೆಕ್ಕ ಹಾಕಿದರು. ಮೂರು ಸಲವೂ ನಲವತ್ತು!

"ಎಷ್ಟ ಬಂತ್ರೀ?" ಎಂದರು ಹೆಂಡತಿ.
"ನಲವತ್ತು... ಅವಂದು ತಪ್ಪಿಲ್ಲ. ನಮ್ಮ ಹುಡುಗನೇ ನೋಡದ ಬಂದಾನ."

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು...
"ಹಂಗಾದ್ರ ಹೋಗಿ ಹೇಳಿ ಬರ್ರಿ. ಅವನ ಅವ್ವನೂ ಉಣ್ಣದ ಕುಂತಿರ್ತಾಳ."

ಠಾಣೆಯ ಸಬ್ ಇನ್ಸ್‌ಪೆಕ್ಟರ್ ಅವರ ಹಳೆಯ ವಿದ್ಯಾರ್ಥಿ. ಮಾಸ್ತರರು ಒಯ್ದ ಲೆಕ್ಕದ ಹಾಳೆ ನೋಡಿ ತಲೆ ಕೆರೆದುಕೊಂಡ.
"ನಿಮ್ಮ ಪಾಠದಾಗ ಹಿಂದಿನ ಬೆಂಚಿನ್ಯಾಗ ನಿದ್ದಿ ಹೊಡ್ಯಾಂವ ನಾನು, ಸರ. ಅದಕ್ಕ ಹಿಂಗಾತು... ಆದ್ರ ಇದನ್ನ ಕೊಟ್ರ ತಪ್ಪು ನಿಮ್ಮ ಮಗಂದ ಅಂತ ಆಕ್ಕೈತಿ. ಗೊತ್ತೈತಲ್ರಿ?"

"ಗೊತ್ತೈತಿ. ಬರ್ಕೊ."

ಹೇಳಿಕೆಗೆ ಸಹಿ ಹಾಕಲು ಅಂದೇ ಬಂದಿದ್ದ ಟ್ಯಾಕ್ಸಿ ಡ್ರೈವರ್ ಹುಲಿಗೆಪ್ಪ ಅಲ್ಲೇ ಬೆಂಚಿನ ಮೇಲಿದ್ದ. ಮಾಸ್ತರರನ್ನು ಕಂಡವನೇ ಓಡಿ ಬಂದು ಕಾಲು ಹಿಡಿದ.

"ಮೊದ್ಲ ನಲವತ್ತರಾಗ ಇದ್ದೆ ಅಂತ ಹೇಳಿದ್ನಿರಿ... ಎಲ್ಲಾರೂ ಎಂಬತ್ತು ಅಂದ್ರು. ಈಗ ನನಗ ನನ್ನ ಮ್ಯಾಲೇ ನಂಬಿಕಿ ಇಲ್ರಿ ಯಪ್ಪಾ. ಎಂಬತ್ತು ಅಂತನ ಒಪ್ಕೊಂಡು ಜೈಲಿಗೆ ಹೋಗಿಬಿಡ್ತೀನ್ರಿ."

ಮಾಸ್ತರರು ಅವನನ್ನು ಎಬ್ಬಿಸಿದರು. ಮೊಬೈಲ್ ತೆಗೆದು ಆ ಕಪ್ಪು ಗೆರೆ ತೋರಿಸಿದರು.

"ಜನಾ ಇದನ್ನ ನೀ ಮಾಡಿದ ತಪ್ಪಿನ ಗುರ್ತು ಅಂದ್ರು. ನಾನೂ ಹಂಗ ಅನ್ಕೊಂಡಿದ್ದೆ. ಆದ್ರ ಇದು ಏನು ಗೊತ್ತೇನಪಾ?

ನನ್ನ ಮಗನ ಕಡೀ ಗಳಿಗ್ಯಾಗ ನಾ ಅವನ ಹತ್ರ ಇರಲಿಲ್ಲ... ನೀ ಇದ್ದಿ. ಅಂವ ಯಾರ ಮಗ ಅಂತ ನಿನಗ ಗೊತ್ತಿರಲಿಲ್ಲ. ಆದ್ರೂ ಅವನ್ನ ಉಳಸಾಕ ಮೈಯಾಗಿನ ಜೀವ ಎಲ್ಲಾ ಕಾಲಿಗೆ ತಂದು ಬ್ರೇಕ್ ಒತ್ತೀದಿ. ಒಂಬತ್ತು ಮೀಟರ್ ಒತ್ತೀದಿ!

ನಾ ಅಲ್ಲಿದ್ದಿದ್ರ... ಇದಕ್ಕಿಂತ ಹೆಚ್ಚಿಂದು ನನ್ನ ಕೈಲೂ ಆಗ್ತಿರಲಿಲ್ಲ."

ಹುಲಿಗೆಪ್ಪ ಮಗುವಿನಂತೆ ಅತ್ತುಬಿಟ್ಟ.
ಸಬ್ ಇನ್ಸ್‌ಪೆಕ್ಟರ್ ಕುರ್ಚಿಯಿಂದ ಎದ್ದು ನಿಂತಿದ್ದ... ಯಾವಾಗ ಎದ್ದನೋ ಅವನಿಗೇ ತಿಳಿಯದು.

ಶಿವ ಶಿವಾ... ಮಗನನ್ನು ಮಣ್ಣಿಗಿಟ್ಟ ಕೈಯಲ್ಲೇ ಇನ್ನೊಬ್ಬರ ಮಗನನ್ನು ಎತ್ತಿ ನಿಲ್ಲಿಸುವುದೆಂದರೆ!

*ನಮ್ಮ ಕಡೆ ವಾಲದ ಸತ್ಯದ ಕೈಯನ್ನೂ ಬಿಡದವನೇ ದೊಡ್ಡವನು.*

ನಮ್ಮ ಸಿಟ್ಟಿಗೆ ಒಪ್ಪದ ಉತ್ತರ ಬಂದಿದ್ದರೆ... ನಾವು ನೀವು ಆ ಹಾಳೆಯನ್ನು ಠಾಣೆಗೆ ಒಯ್ಯುತ್ತಿದ್ದೆವೇ, ಹರಿದು ಹಾಕುತ್ತಿದ್ದೆವೇ?