ಒಲೆಯ ಕಲ್ಲು

"ಅಜ್ಜಿ, ಆ ಕಲ್ಲು ಎಲ್ಲಿತ್ತೋ ಅಲ್ಲೇ ಇಡು," ಎಂದಳು ರೊಸ್ವಿಟಾ. ನಮೀಬ್ ಮರುಭೂಮಿಯ ಈ ರಾಷ್ಟ್ರೀಯ ಉದ್ಯಾನದಲ್ಲಿ ನೆಲದ ಕಲ್ಲನ್ನೂ ಎತ್ತಬಾರದೆಂದು ಪ್ರವಾಸಿಗರಿಗೆ ಹೇಳುವ ಗೈಡ್ ಅವಳು. ಎದುರಿಗಿದ್ದದ್ದು ಅವರ ನಾಮಾ ಬುಡಕಟ್ಟಿನ ಪುರಾಣದ ವೀರ ಹೈತ್ಸಿ ಐಬಿಬನ ಸಮಾಧಿ. ಹಾದುಹೋಗುವ ನಾಮಾ ಜನ ದಾರಿ ಸುಖವಾಗಲೆಂದು ಒಂದೊಂದೇ ಕಲ್ಲಿಟ್ಟು ಬೆಳೆಸಿದ ಗುಡ್ಡೆ.

"ನಿನ್ನ ಗೈಡ್ ಟೋಪಿಗಿಂತ ಈ ಕಲ್ಲಿಡೋ ಪದ್ಧತಿ ಹಳೇದು ಕಣೇ."

"ಹಂಗಂತ ನನ್ನ ಕೆಲಸಕ್ಕೆ ಕಲ್ಲು ಹಾಕ್ತೀಯಾ?"

ಅಜ್ಜಿ ಕಲ್ಲನ್ನು ಮೊಮ್ಮಗಳ ಮೂಗಿಗೆ ಹಿಡಿದಳು. ಒಲೆಯ ಮಸಿ, ಮನೆಯ ಹೊಗೆಯ ವಾಸನೆ. "ಪಾರ್ಕಿಂದಲ್ಲ, ನಮ್ಮನೇದು," ಎಂದು ಗುಡ್ಡೆಯ ಮೇಲಿಟ್ಟಳು.

ರೊಸ್ವಿಟಾ ತನ್ನ ಬರಿಗೈ ನೋಡಿಕೊಂಡಳು. ತಾನೂ ಒಂದು ಕಲ್ಲಿಡೋಣವೆಂದರೆ ನೆಲದಿಂದ ಎತ್ತುವಂತಿಲ್ಲ. ಅಷ್ಟರಲ್ಲಿ ಅಜ್ಜಿ ಲಂಗದ ಜೇಬಿನಿಂದ ಇನ್ನೊಂದು ಮಸಿಗಲ್ಲು ತೆಗೆದು ಆ ಕೈಗಿಟ್ಟಳು.

"ತಗೋ. ದಿನಾ ಈ ದಾರೀಲಿ ಓಡಾಡೋಳು ನೀನು."