ಆರಿದ ಕಂದೀಲು

ನೆಲದಡಿಯ ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಪಕ್ಕಕ್ಕೆ ಸರಿದಿರುವುದನ್ನು ಕಂಡು ನಿರ್ಮಲಾಳ ಜೀವ ಬಾಯಿಗೆ ಬಂತು. ಗಜೇಂದ್ರಗಡಕ್ಕೆ ಗಜೇಂದ್ರಗಡವೇ ಆಡುತ್ತಿದ್ದ ಈ ಕಣ್ಣಾಮುಚ್ಚಾಲೆಯನ್ನು ಏರ್ಪಡಿಸಿದವಳು ಅವಳೇ. ಅಡಗಿರುವ ದರ್ಜಿ ಕುತುಬುದ್ದೀನರನ್ನು ಸುಳಿವು ಹಿಡಿದು ಹುಡುಕಿದವರಿಗೆ ಮಿಕ್ಸರ್ ಬಹುಮಾನ. “ಕಾಳು ಇಡೋ ಜಾಗದಾಗ ಅಡಗ್ರಿ, ಚಾಚಾ” ಎಂದಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಮಾರುಕಟ್ಟೆಯ ಗೋದಾಮು. ಅವರಿಗೆ ನೆನಪಾದದ್ದು ತಮ್ಮ ಹಿತ್ತಲಿನಲ್ಲಿ ಜೋಳ ತುಂಬಿಡುತ್ತಿದ್ದ ಈ ಆಳದ ನೆಲಗುಳಿ. ಮುಚ್ಚಿಟ್ಟ ಕಾಳಿನ ವಿಷಗಾಳಿ ಮನುಷ್ಯನನ್ನು ಕೂಗಲೂ ಬಿಡದೆ ಕೊಲ್ಲುತ್ತದೆಂದು ರಸಾಯನಶಾಸ್ತ್ರ ಕಲಿಸುವ ಅವಳಿಗೆ ಚೆನ್ನಾಗಿ ಗೊತ್ತು.

“ಚಾಚಾ! ಓ ಕೊಡ್ರಿ!”

ಯಾರು ಕರೆದರೂ ಓಗೊಡಬಾರದೆಂದು ನಿಯಮ ಮಾಡಿದ್ದೂ ಅವಳೇ! ಮಂಡಿಯೂರಿ ಒಳಗೆ ಬಗ್ಗಿದಾಗ ಅಂಚಿನಲ್ಲಿದ್ದ ಕಂದೀಲು ಕೈಗೆ ತಾಕಿತು. ಹಿಡಿಕೆಗೆ ಉದ್ದನೆಯ ಹಗ್ಗ ಕಟ್ಟಿತ್ತು. ದೀಪ ಆರಿತ್ತು. ಗಾಜು ಮಾತ್ರ ಇನ್ನೂ ಬೆಚ್ಚಗಿತ್ತು.

ಬೆನ್ನ ಹಿಂದಿನ ಜೋಳದ ದಂಟಿನ ಬಣವೆ ಚಾಚಾನ ದನಿಯಲ್ಲಿ ಮೆಲ್ಲಗೆ ಮಾತಾಡಿತು: “ಅಕ್ಕೋರ, ಇಳಿಬಿಟ್ಟ ಕೂಡ್ಲೇ ಕಂದೀಲ ಆರಿತ್ರಿ. ಒಳಗ ಕೆಟ್ಟ ಗಾಳಿ ಐತಂತ ನಾ ಇಳೀಲಿಲ್ಲ. ಹಂಗ ಒದರಬ್ಯಾಡ್ರಿ, ಊರಿಗೆಲ್ಲಾ ಗೊತ್ತಾಕ್ಕೈತಿ!”

ನಿರ್ಮಲಾ ಆ ಕಂದೀಲನ್ನು ಎದೆಗವಚಿಕೊಂಡು ಅಲ್ಲೇ ಕುಳಿತುಬಿಟ್ಟಳು.