ಡಬ್ಬೋದ ನೊಣ

ಮರ್ವ್‌ನ ಎಡಗೈಯಲ್ಲಿ ಕಸುವಿರಲಿಲ್ಲ. ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಕೈ ಪಾರ್ಶ್ವವಾಯು ಹೊಡೆದಾಗಿನಿಂದ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಸತ್ತ ನರಗಳ ಜಾಗದಲ್ಲಿ ಹೊಸವು ಬೆಳೆಯಲೆಂದು ಮೊದಲ ಸಲ ಮಿದುಳಿಗೆ ಹಾಕಿದ ಕಾಂಡಕೋಶಗಳು ಬದುಕಲಿಲ್ಲ. ಈ ಸಲ ಅವು ಸಾಯದಿರಲೆಂದು ಲೋಳೆಯಂಥ ದ್ರವದಲ್ಲಿ ಬೆರೆಸಿ ಹಾಕಿದ್ದರು. ಇದೂ ಸೋತರೆ ಮತ್ತೊಂದು ಪ್ರಯತ್ನವಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರ್ ಲಿಂಡಲ್ ಅವನೆದುರು ಕೂತಿದ್ದಳು. "ಮರ್ವ್, ಎಡಗೈ ಎತ್ತಪ್ಪ."

"ಆ ಕೈಗೇ ಹೇಳಮ್ಮ. ನನ್ನ ಮಾತು ಕೇಳಲ್ಲ ಅದು."

ಆಗ ಕನ್ನಡಕದ ಕೆಳಗೆ ಅವನ ಮೂಗಿನ ಮೇಲೆ ನೊಣ ಕೂತಿತು. ನೊಣಗಳೇ ತುಂಬಿದ ಡಬ್ಬೋ ಊರಲ್ಲಿ ಬೆಳೆದವರು ಯೋಚಿಸದೆಯೇ ನೊಣ ಓಡಿಸುತ್ತಾರೆ. ಬಲಗೈಯಲ್ಲಿ ಚಹಾ ಇತ್ತು. ಎಡಗೈ ತಾನೇ ಎದ್ದು ಮುಖಕ್ಕೆ ಫಟ್ಟನೆ ಬಾರಿಸಿತು.

"ಯಾವನೋ ಅವನು, ನನಗೆ ಹೊಡೆದಿದ್ದು?"

"ನೀನೇ ಕಣಯ್ಯಾ!" ಲಿಂಡಲ್ ಕುಣಿದಾಡಿದಳು.

ಒಡೆದದ್ದು ಒಂದು ಕನ್ನಡಕ, ಚೆಲ್ಲಿದ್ದು ಅರ್ಧ ಲೋಟ ಚಹಾ, ಸತ್ತದ್ದು ಒಂದು ನೊಣ.